ಕೊಳವೆಬಾವಿ ನೀರಿನ ಜೊತೆ ಬರುವ ಕಾಣದ ಗ್ಯಾಸು

ನಮ್ಮೂರಿನ ಓವರ್‌ಹೆಡ್ ಟ್ಯಾಂಕು ಸೋರಲು ಶುರುವಾಗಿ ಒಂದೂವರೆ ವರ್ಷ ಆಗಿತ್ತು. ರಿಪೇರಿಗೆ ದುಡ್ಡಿಲ್ಲ ಅಂತ ಪಂಚಾಯ್ತಿಯವರು ಸುಲಭದ ದಾರಿ ಹಿಡಿದರು. ಕೊಳವೆಬಾವಿಯ ಪೈಪನ್ನು ಟ್ಯಾಂಕಿಗೆ ಹತ್ತಿಸುವುದು ಬಿಟ್ಟು, ಕೆಳಗೇ ಕತ್ತರಿಸಿ ಸೀದಾ ಬೀದಿ ಲೈನಿಗೆ ಸೇರಿಸಿಬಿಟ್ಟರು. ಮೋಟರ್ ಹಾಕಿದ ಕೂಡಲೇ ಮನೆ ನಲ್ಲಿಯಲ್ಲಿ ನೀರು. ಒತ್ತಡ ಜಾಸ್ತಿ, ಬಿಂದಿಗೆ ಬೇಗ ತುಂಬುತ್ತದೆ. ಊರಿಗೆಲ್ಲ ಖುಷಿಯೇ ಆಯಿತು. ನನಗೂ ಆಯಿತು, ಸುಳ್ಳು ಹೇಳೋದಿಲ್ಲ.

ನನ್ನ ತಂಗಿ ಮಗ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಹಬ್ಬಕ್ಕೆ ಬಂದವನು ನಲ್ಲಿ ಕೆಳಗೆ ಒಂದು ಲೋಟ ಹಿಡಿದು ನೋಡುತ್ತಾ ನಿಂತ. ನೀರು ಹಾಲಿನಂತೆ ಬೆಳ್ಳಗಿತ್ತು. ಅರ್ಧ ನಿಮಿಷದಲ್ಲಿ ಕೆಳಗಿನಿಂದ ತಿಳಿಯಾಗುತ್ತಾ ಬಂತು.

"ಮಾವ, ನೀರು ಟ್ಯಾಂಕಿಂದ ಬರ್ತಿಲ್ವಾ?"

"ಇಲ್ಲಪ್ಪ, ಬೋರಿಂದ ಸೀದಾ ಬತ್ತೈತೆ. ಯಾಕೆ?"

"ಈ ಬಿಳೀದು ಬರೀ ಗಾಳಿ ಗುಳ್ಳೆ. ಅದರಿಂದ ಏನೂ ಆಗಲ್ಲ. ಆದ್ರೆ ಬಂಡೆ ಒಳಗಿನ ಗ್ಯಾಸು ಮನೆ ಒಳಗೆ ಬಂದು ಬಿಡುಗಡೆ ಆಗ್ತೈತೆ ಅನ್ನೋದಕ್ಕೆ ಇದೊಂದು ಗುರುತು. ಟ್ಯಾಂಕಿದ್ದಿದ್ರೆ ಅರ್ಧಕ್ಕರ್ಧ ಅಲ್ಲೇ ಹೋಗಿರೋದು."

ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಅವನು ಹೇಳಿದ್ದು, ಆಮೇಲೆ ನಾನು ಕೇಳಿ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಏಳನೇ ಕ್ಲಾಸಿನವನು ವಿಜ್ಞಾನ ಬರೆಯಲು ಹೊರಟಿದ್ದಾನಲ್ಲ ಅಂತ ನಗಬೇಡಿ. ನನಗೆ ಅರ್ಥವಾದ ಹಾಗೆ ಬರೆದರೆ ನಿಮಗೂ ಅರ್ಥವಾಗುತ್ತದೆ ಅನ್ನುವ ಧೈರ್ಯ.

ಅಜ್ಜ, ಅಪ್ಪ, ಮಗ

ಗ್ಯಾಸಿನ ಹೆಸರು ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. 1900ರಲ್ಲಿ ಜರ್ಮನಿಯ ಫ್ರೆಡ್ರಿಕ್ ಡಾರ್ನ್ ಎಂಬ ವಿಜ್ಞಾನಿ ರೇಡಿಯಂನಿಂದ ಈ ಗ್ಯಾಸು ಹೊರಡೋದನ್ನು ಕಂಡ. ಇದನ್ನು ಯಾರೂ ತಂದು ಬಾವಿಗೆ ಸುರಿದಿಲ್ಲ. ಬಂಡೆಯೇ ಹುಟ್ಟಿಸುತ್ತದೆ.

ಬಂಡೆಯಲ್ಲಿ ಯುರೇನಿಯಂ ಅನ್ನೋದು ಚೂರುಚೂರು ಇರುತ್ತದೆ. ಗ್ರಾನೈಟಿನಲ್ಲಿ, ಅಂದರೆ ನಮ್ಮ ಕರಿಬಂಡೆ, ಕೆಂಬಂಡೆಗಳಲ್ಲಿ, ಬೇರೆ ಎಷ್ಟೋ ಕಲ್ಲುಗಳಿಗಿಂತ ಜಾಸ್ತಿ. ಅದರ ಕಣ ತಾನಾಗಿಯೇ ಸಿಡಿದು ಇನ್ನೊಂದು ವಸ್ತುವಾಗುತ್ತದೆ, ಅದು ಸಿಡಿದು ಮತ್ತೊಂದಾಗುತ್ತದೆ. ಇದು ಒಂದು ವಂಶ ಇದ್ದ ಹಾಗೆ. ಅಜ್ಜ ಯುರೇನಿಯಂ, ಇವನ ರಾಶಿಯಲ್ಲಿ ಅರ್ಧ ಸಿಡಿದು ಮುಗಿಯಲು 450 ಕೋಟಿ ವರ್ಷ ಬೇಕು. ನಡುವೆ ಕೆಲವರನ್ನು ಬಿಟ್ಟರೆ ಅಪ್ಪ ರೇಡಿಯಂ, ಅವನಿಗೆ 1600 ವರ್ಷ. ಮಗ ರೇಡಾನ್, ಅವನಿಗೆ 3.8 ದಿನ. ಮೊಮ್ಮಕ್ಕಳಲ್ಲಿ ಮೊದಲನೆಯ ಪೊಲೋನಿಯಂಗೆ ಬರೀ ಮೂರು ನಿಮಿಷ. ಹೀಗೇ ಇಳಿದು ಇಳಿದು ಕೊನೆಗೆ ಸೀಸ ಆಗಿ ನಿಲ್ಲುತ್ತದೆ.

ಈ "ಅರ್ಧ"ದ ಲೆಕ್ಕ ನನಗೆ ಮೊದಲು ತಲೆಗೆ ಹತ್ತಲಿಲ್ಲ. ಅಳಿಯ ಜೋಳದ ಅರಳು ಹುರಿಯೋದನ್ನು ನೆನಪಿಸಿದ. ಯಾವ ಕಾಳು ಯಾವಾಗ ಸಿಡಿಯುತ್ತದೋ ಹೇಳಲಾಗದು. ಆದರೆ ಇಷ್ಟು ಹೊತ್ತಿಗೆ ಅರ್ಧ ಸಿಡಿದಿರುತ್ತದೆ ಅಂತ ಹೇಳಬಹುದು. ಮತ್ತಷ್ಟೇ ಹೊತ್ತಿಗೆ ಉಳಿದದ್ದರಲ್ಲಿ ಅರ್ಧ. ಸೆಕೆಂಡಿಗೆ ಒಂದು ಕಣ ಸಿಡಿದರೆ ಅದಕ್ಕೆ ಒಂದು ಬೆಕೆರೆಲ್ ಅನ್ನುತ್ತಾರೆ. ಲೀಟರಿಗೆ 100 ಬೆಕೆರೆಲ್ ಅಂದರೆ ಒಂದು ಲೀಟರ್ ನೀರಿನಲ್ಲಿ ಪ್ರತಿ ಸೆಕೆಂಡಿಗೆ ನೂರು ಸಿಡಿತ.

ಈ ವಂಶದಲ್ಲಿ ಅಜ್ಜ, ಅಪ್ಪ, ಮೊಮ್ಮಕ್ಕಳು ಎಲ್ಲ ಗಟ್ಟಿ ವಸ್ತುಗಳು. ಹುಟ್ಟಿದ ಕಲ್ಲಿನಲ್ಲಿ ಕೂತಿರುತ್ತವೆ, ಇಲ್ಲವೇ ನೀರಿನಲ್ಲಿ ಕರಗುತ್ತವೆ. ಗ್ಯಾಸಾಗಿ ಮನೆ ಬಿಟ್ಟು ಓಡೋನು ಮಗ ಒಬ್ಬನೇ. ಬಂಡೆ ಬಿರುಕಿನ ನೀರಿಗೆ ಸೇರಿ, ನಮ್ಮ ಮೋಟರ್ ಎಳೆದಾಗ ಮೇಲೆ ಬರುತ್ತಾನೆ.

ನಮ್ಮ ತಾಲ್ಲೂಕು ಮಧುಗಿರಿ. ಇಲ್ಲಿನ ನೆಲಕ್ಕೆ ಭೂವಿಜ್ಞಾನದವರು ಕ್ಲೋಸ್‌ಪೇಟೆ ಗ್ರಾನೈಟು ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ಅಲ್ಲಿಂದ ತುಮಕೂರು ಜಿಲ್ಲೆ ದಾಟಿ ಉತ್ತರಕ್ಕೆ ಬಳ್ಳಾರಿ ಕಡೆವರೆಗೂ ಪಟ್ಟಿಯಂತೆ ಹೋಗಿದೆ. ಸುಮಾರು 250 ಕೋಟಿ ವರ್ಷ ಹಳೆಯದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಗ್ರಾನೈಟು ಜಾತಿಯ ಬಂಡೆಯೇ ಹೆಚ್ಚು.

ನಮ್ಮಪ್ಪನ ಕಾಲದಲ್ಲಿ ಕುಡಿಯೋ ನೀರು ಸೇದೋ ಬಾವಿಯದು. ನಲವತ್ತು ಅಡಿ ಆಳ, ಮೇಲೆ ಬಯಲು. ಆ ನೀರಿಗೆ ಹಗಲೂ ರಾತ್ರಿ ಗಾಳಿ ಸೋಕುತ್ತಿತ್ತು, ಗ್ಯಾಸು ತನ್ನಷ್ಟಕ್ಕೆ ಹೋಗುತ್ತಿತ್ತು. ಕೆರೆ, ಹೊಳೆ ನೀರಿನಲ್ಲಿ ಇದು ಇಲ್ಲವೇ ಇಲ್ಲ ಅನ್ನಬಹುದು. ಬಾವಿ ಬತ್ತಿತು, ಬೋರು ಬಂತು. ಇನ್ನೂರು ಅಡಿ ಇದ್ದದ್ದು ಆರುನೂರಾಯಿತು, ಈಗ ಸಾವಿರ. ಆ ಆಳದ ಬಿರುಕಿನ ನೀರು ಗಾಳಿಯನ್ನೇ ಕಂಡಿಲ್ಲ.

ಗೋಲಿ ಸೋಡಾ

ಸೋಡಾ ಬಾಟಲಿಯ ಗೋಲಿ ಒತ್ತಿದರೆ ಬುಸ್ ಅಂತ ಗ್ಯಾಸು ಹೋಗುತ್ತದಲ್ಲ, ರೇಡಾನೂ ಹಾಗೇ. ನೀರು ಗಾಳಿಗೆ ಬಿದ್ದ ಕೂಡಲೇ ಬಿಟ್ಟು ಹೋಗಲು ನೋಡುತ್ತದೆ. ಅಲ್ಲಾಡಿಸಿದರೆ, ಎತ್ತರದಿಂದ ಸುರಿದರೆ, ಹನಿಹನಿ ಮಾಡಿದರೆ, ಕಾಯಿಸಿದರೆ ಇನ್ನೂ ಬೇಗ. ಯಾವ ಜಾಗದಲ್ಲಿ ಬಿಡುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಟ್ಯಾಂಕಿನ ತಲೆಯ ಮೇಲೆ ಬಿಟ್ಟರೆ ಗಾಳಿಗೆ ಹೋಯಿತು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಬಿಟ್ಟರೆ ನಮ್ಮ ಎದೆಗೆ ಹೋಯಿತು.

ಇದರಲ್ಲಿ ಎಲ್ಲರೂ ತಪ್ಪು ತಿಳಿಯೋದು ಒಂದಿದೆ. ನೀರಿನಲ್ಲಿ ವಿಕಿರಣ ಅಂದ ಕೂಡಲೇ ಕುಡಿಯೋದಕ್ಕೆ ಹೆದರುತ್ತಾರೆ. ಕುಡಿದ ರೇಡಾನ್ ಬಹುಪಾಲು ಉಸಿರಿನಲ್ಲೇ ವಾಪಸು ಹೋಗುತ್ತದೆ. ಹೊಟ್ಟೆಗೆ ಅಪಾಯ ಇಲ್ಲ ಅಂತಲ್ಲ, ಆದರೆ ಕಡಿಮೆ. ನೀರಿನಿಂದ ಗಾಳಿಗೆ ಬಂದು ಉಸಿರಿಗೆ ಸೇರಿದ್ದೇ ಹೆಚ್ಚಿನ ಕೇಡು. ಗ್ಯಾಸೂ ಒಳಗೆ ಹೋಗಿ ಹೊರಗೆ ಬರುತ್ತದೆ, ಅದರ ಮೊಮ್ಮಕ್ಕಳು ಹಾಗಲ್ಲ. ಅವು ಗಟ್ಟಿ ಕಣಗಳು, ದೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂತು ಅಲ್ಲೇ ಸಿಡಿಯುತ್ತವೆ. ವರ್ಷಗಟ್ಟಲೆ ಹೀಗಾದರೆ ಕ್ಯಾನ್ಸರು.

ಇದನ್ನು ಮೊದಲು ಅನುಭವಿಸಿದವರು ಗಣಿ ಕೂಲಿಗಳು. ಜರ್ಮನಿಯ ಷ್ನೀಬರ್ಗ್ ಎಂಬಲ್ಲಿ ಗಣಿಗೆ ಇಳಿದವರು ಎದೆ ರೋಗದಿಂದ ಸಾಯೋದು ನೂರಾರು ವರ್ಷದಿಂದ ನಡೆದಿತ್ತು. ಅದು ಶ್ವಾಸಕೋಶದ ಕ್ಯಾನ್ಸರು ಅಂತ ಇಬ್ಬರು ಡಾಕ್ಟರು ತೋರಿಸಿದ್ದು 1879ರಲ್ಲಿ. ಮನುಷ್ಯರಿಗೆ ಕ್ಯಾನ್ಸರು ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರು ವಿಭಾಗ 1988ರಲ್ಲಿ ರೇಡಾನನ್ನು ಪಟ್ಟಿಗೆ ಸೇರಿಸಿತು.

ಮನೆಗಳಲ್ಲೂ ಇದು ಸೇರಿಕೊಳ್ಳುತ್ತದೆ ಅಂತ ಜನಕ್ಕೆ ತಿಳಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಂತ ಒಂದು ಅಣು ವಿದ್ಯುತ್ ಸ್ಥಾವರ. 1984ರಲ್ಲಿ ಅದನ್ನು ಇನ್ನೂ ಕಟ್ಟುತ್ತಿದ್ದರು. ಸ್ಟಾನ್ಲಿ ವಾಟ್ರಸ್ ಅನ್ನುವ ಇಂಜಿನಿಯರು ಅಲ್ಲಿನ ವಿಕಿರಣ ಪತ್ತೆ ಬಾಗಿಲು ದಾಟಿದರೆ ಗಂಟೆ ಹೊಡೆಯುತ್ತಿತ್ತು. ಕೊನೆಗೆ ನೋಡಿದರೆ ಅವರು ಕೆಲಸಕ್ಕೆ ಬರುವಾಗಲೇ ಹೊಡೆಯುತ್ತಿದೆ! ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಮೈಗೆ ಅಂಟಿಸಿಕೊಂಡು ಬರುತ್ತಿದ್ದರು. ಅವರ ಮನೆ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ರೇಡಾನ್ ಇತ್ತು. ಅದು ನೀರಿನಿಂದ ಬಂದದ್ದಲ್ಲ, ಮನೆ ತಳದ ನೆಲದಿಂದ ಎದ್ದದ್ದು. ಎಲ್ಲ ಕಡೆಯೂ ಮನೆಗೆ ಸೇರುವ ರೇಡಾನಿನಲ್ಲಿ ಹೆಚ್ಚಿನ ಪಾಲು ನೆಲದ್ದೇ, ನೀರಿನ ಪಾಲು ಸಣ್ಣದು. ಬೋರಿನ ನೀರು ಸೀದಾ ಒಳಗೆ ಬರುವ ಮನೆಯಲ್ಲಿ ಮಾತ್ರ ಆ ಪಾಲು ಬೆಳೆಯುತ್ತದೆ.

ಎಷ್ಟಿದ್ದರೆ ಎಷ್ಟು?

ಅಮೆರಿಕದವರು ಒಂದು ಲೆಕ್ಕ ಹಾಕಿದ್ದಾರೆ. ನೀರಿನಲ್ಲಿ ಹತ್ತು ಸಾವಿರ ಪಾಲು ರೇಡಾನ್ ಇದ್ದರೆ, ಆ ನೀರು ಬಳಸುವ ಮನೆಯ ಗಾಳಿಗೆ ಒಂದು ಪಾಲು ಸೇರುತ್ತದೆ. ಲೀಟರಿಗೆ 1000 ಬೆಕೆರೆಲ್ ಇರುವ ಬೋರು ಅಂತ ಇಟ್ಟುಕೊಳ್ಳಿ. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್, ಹತ್ತು ಲಕ್ಷ ಬೆಕೆರೆಲ್ ಆಯಿತು. ಅದರಲ್ಲಿ ಹತ್ತು ಸಾವಿರಕ್ಕೊಂದು ಅಂದರೆ ಗಾಳಿಯಲ್ಲಿ ಘನ ಮೀಟರಿಗೆ 100. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆ ಗಾಳಿ 100ರ ಒಳಗಿರಲಿ ಅಂತ ಹೇಳಿದೆ. ಅಂದರೆ ಅಂಥ ಬೋರು ನೀರೊಂದರಿಂದಲೇ ಆ ಗೆರೆ ಮುಟ್ಟಿಸಿಬಿಡುತ್ತದೆ. ಈ ಲೆಕ್ಕ ಚಳಿಗೆ ಕಿಟಕಿ ಮುಚ್ಚಿ ಬದುಕುವವರ ಮನೆಯದು. ನಮ್ಮ ಹೆಂಚಿನ ಮನೆಗೆ ಸಂದಿಗೊಂದಿಯಲ್ಲೆಲ್ಲ ಗಾಳಿ. ಆದರೆ ಈಗ ನಾವು ಕಟ್ಟುತ್ತಿರುವ ಆರ್‌ಸಿಸಿ ಮನೆ, ಅದರೊಳಗಿನ ಬಾತ್‌ರೂಮು, ಅದರ ಅಂಗೈ ಅಗಲದ ಗಾಜಿನ ಕಿಟಕಿ ನೋಡಿದರೆ ನಾವೂ ಅಲ್ಲಿಗೇ ಹೊರಟಿದ್ದೇವೆ.

ನೀರಿನಲ್ಲಿ ಎಷ್ಟಿರಬಹುದು ಅಂತ ಒಂದೊಂದು ದೇಶದ್ದು ಒಂದೊಂದು ಮಾತು. ಯುರೋಪಿನವರು 2013ರ ಕಾಯ್ದೆಯಲ್ಲಿ ಲೀಟರಿಗೆ 100 ಬೆಕೆರೆಲ್ ಅಂತ ಗೆರೆ ಎಳೆದರು. 1000 ದಾಟಿದರೆ ಹೆಚ್ಚಿನ ಮಾತಿಲ್ಲದೆ ಸರಿಮಾಡಬೇಕು ಅಂದರು. ಅಮೆರಿಕದಲ್ಲಿ 1999ರಲ್ಲಿ ಸುಮಾರು 11 ಇರಲಿ, ಮನೆ ಗಾಳಿ ಸರಿಮಾಡುವ ಕಾರ್ಯಕ್ರಮ ಇರುವ ಕಡೆ 148ರ ತನಕ ಬಿಡೋಣ ಅಂತ ಸರ್ಕಾರ ಕರಡು ತಂದಿತು. ಅದು ಕಾಯ್ದೆ ಆಗಲೇ ಇಲ್ಲ. ಅದೇ ಹೊತ್ತಿಗೆ ಅಲ್ಲಿನ ವಿಜ್ಞಾನ ಅಕಾಡೆಮಿಯ ವರದಿಯಂತೆ, ನೀರಿನ ರೇಡಾನಿನಿಂದ ಅಲ್ಲಿ ವರ್ಷಕ್ಕೆ 168 ಸಾವು. ಅದರಲ್ಲಿ ನೂರಕ್ಕೆ 89 ಉಸಿರಾಡಿದ್ದರಿಂದ, 11 ಕುಡಿದದ್ದರಿಂದ. ನೆಲದಿಂದ ಬಂದದ್ದೂ ಸೇರಿದರೆ ಒಟ್ಟು ರೇಡಾನ್ ಸಾವು ವರ್ಷಕ್ಕೆ 21 ಸಾವಿರ ಅಂತ ಅಲ್ಲಿನ ಸರ್ಕಾರದ ಅಂದಾಜು. ಅವರಲ್ಲಿ ಬಹುಪಾಲು ಸಿಗರೇಟು ಸೇದುವವರು, ಸೇದಿದ್ದವರು. ಹೊಗೆಯೂ ರೇಡಾನೂ ಸೇರಿದರೆ ಒಂದಕ್ಕೊಂದು ಕೂಡಿಕೊಂಡು ಕೆಡಿಸುತ್ತವೆ.

ಇಷ್ಟೆಲ್ಲ ದೂರದ ಮಾತು ಯಾಕೆ, ಬೆಂಗಳೂರಿನದೇ ಇದೆ. ಅಲ್ಲಿನ ಕೆಲವು ಭಾಗಗಳ ಅಂತರ್ಜಲ ಅಳೆದು 2010ರಲ್ಲಿ ಪ್ರಕಟಿಸಿದ್ದರಲ್ಲಿ ಲೀಟರಿಗೆ 56ರಿಂದ 1189 ಬೆಕೆರೆಲ್ ತನಕ ರೇಡಾನ್ ಸಿಕ್ಕಿತ್ತು. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರೂ ಆ ಕಡೆಯ ನೀರಿನಲ್ಲಿ ಇದನ್ನು ಅಳೆದು ಬರೆದಿದ್ದಾರೆ. ಕಾವೇರಿ ನೀರು ಬರುವ ಮನೆಗೆ ಇದರ ಚಿಂತೆ ಇಲ್ಲ. ಬೋರನ್ನೇ ನಂಬಿದವರಿಗೆ ಇದೆ.

ಅಳತೆ ಬಗ್ಗೆ ಒಂದು ಮಾತು. ನಮ್ಮೂರ ನೀರಿನ ಪರೀಕ್ಷೆ ಕಾಗದದಲ್ಲಿ ಗಡಸು, ಫ್ಲೋರೈಡು, ನೈಟ್ರೇಟು ಎಲ್ಲ ಇದೆ, ರೇಡಾನ್ ಕಾಲಂ ಇಲ್ಲ. ಮಾಮೂಲಿ ಬಾಟಲಿಯಲ್ಲಿ ಅರ್ಧ ತುಂಬಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದರೆ ದಾರಿಯಲ್ಲೇ ಗ್ಯಾಸು ಹೋಗಿರುತ್ತದೆ, ಲ್ಯಾಬಿನವರು ಏನೂ ಇಲ್ಲ ಅಂತ ಬರೆದುಕೊಡುತ್ತಾರೆ. ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಅಲ್ಲೇ ಬಿಗಿಯಾಗಿ ಮುಚ್ಚಬೇಕು. ತುಂಬಿದ ದಿನ, ಗಂಟೆ ಬರೆಯಬೇಕು. ದಾರಿಯಲ್ಲಿ ಎಷ್ಟು ಸಿಡಿದು ಹೋಯಿತು ಅಂತ ಅದರಿಂದ ಲೆಕ್ಕ ಹಾಕುತ್ತಾರೆ.

ಗ್ಯಾಸು ಹೋದರೂ ಹೋಗದ್ದು

ಹಾಗಾದರೆ ನೀರು ಸುರಿದು, ಕುಣಿಸಿ, ಕಾಯಿಸಿ ಕುಡಿದರೆ ಎಲ್ಲ ಸರಿಯಾಯಿತೇ? ಇಲ್ಲೇ ಮೋಸ ಹೋಗಬಾರದು. ಗ್ಯಾಸು ಹೋಗುತ್ತದೆ, ಅದರ ಅಜ್ಜ ಹೋಗೋದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗೆರೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ 60ರ ಗೆರೆ ಮೀರಿದ್ದು 48 ಹಳ್ಳಿ. ನೀರಿನಲ್ಲಿ ಕರಗಿದ ಯುರೇನಿಯಂ ಲೋಹದ ವಿಷದಂತೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕಾಯಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಫ್ಲೋರೈಡಿನದೂ ಇದೇ ಕಥೆ.

ಶುದ್ಧ ನೀರಿನ ಘಟಕದ ಆರ್‌ಓ ಯಂತ್ರ ಈ ಎರಡನ್ನೂ ಹಿಡಿಯುತ್ತದೆ. ಗ್ಯಾಸನ್ನು ಆ ಪರದೆ ಹಿಡಿಯೋದಿಲ್ಲ. ಹಾಗಾಗಿ ಎರಡಕ್ಕೆ ಎರಡು ದಾರಿ ಬೇಕು. ಕುಡಿಯೋಕೆ, ಅಡಿಗೆಗೆ ಆರ್‌ಓ ನೀರು ಅಥವಾ ಮಳೆನೀರು. ಸ್ನಾನ, ಬಟ್ಟೆ, ಪಾತ್ರೆಗೆ ಬರುವ ಬೀದಿ ನೀರಿನ ಗ್ಯಾಸನ್ನು ಟ್ಯಾಂಕಿನಲ್ಲೇ ಬಿಡಿಸೋದು. ಇದ್ದಿಲು ತುಂಬಿದ ಫಿಲ್ಟರು ರೇಡಾನನ್ನು ಹಿಡಿಯುತ್ತದೆ. ಆದರೆ ಹಿಡಿದದ್ದು ಅಲ್ಲೇ ಸಿಡಿದು ಫಿಲ್ಟರೇ ವಿಕಿರಣದ ಗಂಟಾಗುತ್ತದೆ. ಅದನ್ನು ಅಡಿಗೆಮನೆಯಲ್ಲಿ ತೂಗುಹಾಕೋದು ನನಗೇನೋ ಸರಿ ಕಾಣಲಿಲ್ಲ.

ಆರ್‌ಓ ಘಟಕದಿಂದ ಹೊರಗೆ ಬಿಡುವ ಉಪ್ಪುನೀರಿನಲ್ಲಿ ಹಿಡಿದದ್ದೆಲ್ಲ ಗಟ್ಟಿಯಾಗಿರುತ್ತದೆ. ಎಷ್ಟೋ ಕಡೆ ಅದನ್ನು ಬತ್ತಿದ ಬೋರಿಗೇ ಬಿಡುತ್ತಿದ್ದಾರೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಹೊಲದ ನೀರಿಗೆ ಏನು ಅಂತ ಕೇಳುತ್ತೀರಿ. ಬಯಲಿನಲ್ಲಿ ಹರಿಯುವ ನೀರಿನ ರೇಡಾನ್ ಗಾಳಿಗೆ ಹೋಗುತ್ತದೆ, ಬೆಳೆಗೆ ಏನಿಲ್ಲ. ದನದ ತೊಟ್ಟಿಗೂ ಅಷ್ಟೇ. ಪಂಪ್ ಮನೆ ಮಾತ್ರ ಮುಚ್ಚಿಟ್ಟಿದ್ದರೆ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ.

ಟ್ಯಾಂಕಿನ ಜಗಳ

ಇದನ್ನೆಲ್ಲ ಗ್ರಾಮಸಭೆಯಲ್ಲಿ ಹೇಳಿದೆ. ಸೋರುವ ಟ್ಯಾಂಕು ರಿಪೇರಿ ಆಗಲಿ, ನೀರು ಮತ್ತೆ ಟ್ಯಾಂಕು ಹತ್ತಿ ಇಳಿಯಲಿ ಅಂತ ಕೇಳಿದೆ. ಬಂದಿದ್ದ ಅಧಿಕಾರಿ ನಕ್ಕರು. "ಕಣ್ಣಿಗೆ ಕಾಣದ್ದು, ವಾಸನೆ ಇಲ್ಲದ್ದು. ಜನಾನ ಯಾಕೆ ಹೆದರಿಸ್ತೀರಿ? ಪೂರ್ತಿ ಒತ್ತಡದಲ್ಲಿ ನೀರು ಬರ್ತಿದೆಯಲ್ಲ" ಅಂದರು. ಹಿಂದೆ ಕೂತಿದ್ದ ನಮ್ಮ ಚಿಕ್ಕಪ್ಪ ಎದ್ದು ನಿಂತರು. ಎಪ್ಪತ್ತೆಂಟು ವರ್ಷ, ಮಂಡಿ ನೆಟ್ಟಗಾಗೋದಿಲ್ಲ. "ಸ್ವಾಮಿ, ಪ್ಲೋರೈಡೂ ಕಣ್ಗೆ ಕಾಣ್ತಿರ್ಲಿಲ್ಲ. ನೀರು ಸಿಹಿಯಾಗೈತೆ ಅಂತ ಕುಡುದ್ವಿ. ನನ್ ಹಲ್ಲು ನೋಡಿ, ಮಂಡಿ ನೋಡಿ" ಅಂದು ಬಾಯಿ ತೆರೆದು ತೋರಿಸಿದರು. ಸಭೆ ಗಪ್‌ಚುಪ್.

ಅಷ್ಟು ಹೇಳಿ ಹೊರಗೆ ಬಂದು ಬೀಡಿ ಹಚ್ಚಿದರು. "ಚಿಕ್ಕಪ್ಪ, ರೇಡಾನ್‌ಗಿಂತ ಮೊದಲು ಇದನ್ನ ಬಿಡ್ಬೇಕಂತೆ" ಅಂದೆ. "ಅದನ್ನ ಗ್ರಾಮಸಭೇಲಿ ಹೇಳ್ಬೇಡ" ಅಂದರು.

ಟ್ಯಾಂಕಿನ ರಿಪೇರಿ ಬಜೆಟ್ಟಿಗೆ ಬರಲು ಮತ್ತೂ ಎಂಟು ತಿಂಗಳಾಯಿತು. ಒಳಗೆ ಗಾರೆ ಹೊಡೆದು ನೀರು ನಿಲ್ಲುವಂತಾಯಿತು. ಆಗ ಅಳಿಯ ಇನ್ನೊಂದು ಮಾತು ಹೇಳಿದ. ಟ್ಯಾಂಕಿನ ತಳಕ್ಕೆ ಪೈಪು ಕೊಟ್ಟು, ಮೇಲೆ ಮುಚ್ಚಳ ಬಿಗಿದು ಒಂದು ದಿನ ನಿಲ್ಲಿಸಿದರೆ ಉಪಯೋಗ ಕಡಿಮೆ. ಬರೀ ಕಾಲ ಕಳೆದರೆ ಒಂದು ದಿನಕ್ಕೆ ನೂರರಲ್ಲಿ 83 ಪಾಲು ಉಳಿದೇ ಇರುತ್ತದೆ. ನೀರಿಗೆ ಗಾಳಿ ಸೋಕಬೇಕು. ಅಮೆರಿಕ, ಫಿನ್ಲೆಂಡುಗಳಲ್ಲಿ ಗ್ರಾನೈಟಿನ ಬೋರುಗಳಿಗೆ ಹಾಕುವ ಗಾಳಿಯಾಡಿಸುವ ಯಂತ್ರಗಳು ಮಾಡೋದೂ ಇದನ್ನೇ. ಚೆನ್ನಾಗಿ ಮಾಡಿದರೆ ನೂರಕ್ಕೆ 99ರ ತನಕ ರೇಡಾನ್ ತೆಗೆಯುತ್ತವೆ. ನಮ್ಮದು ಆ ಮಟ್ಟದ್ದಲ್ಲ.

ನಾವು ಮಾಡಿದ್ದು ಇಷ್ಟು. ಒಳಬರುವ ಪೈಪನ್ನು ಟ್ಯಾಂಕಿನ ತುದಿಗೆ ಏರಿಸಿ, ನೀರಿನ ಮಟ್ಟಕ್ಕಿಂತ ಮೂರು ಅಡಿ ಮೇಲೆ ಎರಡೂವರೆ ಇಂಚಿನ ಪಿವಿಸಿ ಪೈಪನ್ನು ಅಡ್ಡಲಾಗಿ ಕೂರಿಸಿದೆವು. ತುದಿಗೆ ಎಂಡ್‌ಕ್ಯಾಪು. ಕೆಳಮೈಗೆ ಡ್ರಿಲ್ಲಿನಿಂದ ಸಾಲಾಗಿ ತೂತು. ನೀರು ಷವರಿನಂತೆ ಬೀಳುತ್ತದೆ. ಮುಚ್ಚಳದ ಎರಡು ಬದಿಗೆ ಗಾಳಿಕಿಂಡಿ ಬಿಟ್ಟು ಸೊಳ್ಳೆ ಬಲೆ ಬಿಗಿದೆವು. ಒಂದು ಕಡೆ ಮಾತ್ರ ಕಿಂಡಿ ಇದ್ದರೆ ಗ್ಯಾಸು ಒಳಗೇ ನಿಂತು ಮತ್ತೆ ನೀರಿಗೆ ಸೇರುತ್ತದೆ. ಪೈಪು, ಕ್ಯಾಪು, ಬಲೆ ಎಲ್ಲ ಎರಡು ಸಾವಿರದೊಳಗೆ ಮುಗಿಯಿತು. ಗಾಳಿ ಬಂದಲ್ಲಿ ದೂಳೂ ಬರುತ್ತದೆ, ಆದ್ದರಿಂದ ಬ್ಲೀಚಿಂಗ್ ಪುಡಿ ತಪ್ಪಿಸಬಾರದು.

ಮನೆಗಳಲ್ಲಿ ಹೆಂಗಸರಿಗೆ ಹೇಳಿದ್ದು ಎರಡೇ. ಸ್ನಾನ ಮಾಡುವಾಗ, ಹಂಡೆ ಕಾಯಿಸುವಾಗ ಬಚ್ಚಲ ಕಿಟಕಿ ತೆಗೆದಿಡಿ. ಬಿಸಿ ನೀರು ಗ್ಯಾಸನ್ನು ಬೇಗ ಬಿಡುತ್ತದೆ. ನೀರು ಕಾಯಿಸಿ ಕುಡಿಯುವವರು ಅಡಿಗೆಮನೆಗೆ ಗಾಳಿ ಬಿಡಿ. ನಮ್ಮ ಸೊಸೆ ತಿರುಗಿ ಕೇಳಿದಳು, "ಮಾವ, ಬಚ್ಚಲ ಕಿಟಕಿ ಬೀದಿಗೆ ಐತಲ್ಲ, ತೆಗೆದಿಡೋದು ಹೆಂಗೆ?" ನನ್ನಲ್ಲಿ ಉತ್ತರ ಇರಲಿಲ್ಲ. ಮಗ ಮೇಲುಗಡೆ ಎರಡು ಇಟ್ಟಿಗೆ ತೆಗೆದು ಜಾಲರಿ ಇಟ್ಟ.

ಈಗ ನಲ್ಲಿ ನೀರು ಬೆಳ್ಳಗೆ ಬರೋದಿಲ್ಲ. ಗುಳ್ಳೆ ಹೋದ ಮಾತ್ರಕ್ಕೆ ರೇಡಾನೂ ಹೋಯಿತು ಅಂತ ಹೇಳಲಾಗದು, ಅಳತೆ ಆಗಬೇಕು. ಟ್ಯಾಂಕಿಗೆ ಬೀಳುವ ಮೊದಲಿನದು, ನಲ್ಲಿಯದು, ಎರಡು ಬಾಟಲಿ ತುಂಬಿ ಲ್ಯಾಬಿಗೆ ಒಯ್ಯುತ್ತೇನೆ ಅಂತ ಅಳಿಯ ಹೇಳಿದ್ದಾನೆ.

ಷವರ್ ಪೈಪು ಹಾಕುವವರಿಗೆ ಒಂದು ಎಚ್ಚರಿಕೆ. ನೀರು ಗಾಳಿಗೆ ಬಿದ್ದಾಗ ರೇಡಾನ್ ಜೊತೆ ಸೋಡಾದ ಗ್ಯಾಸೂ ಹೋಗುತ್ತದೆ. ಗಡಸು ನೀರಾದರೆ ಸುಣ್ಣ ಬಿಡುತ್ತದೆ, ತೂತುಗಳು ಕಟ್ಟಿಕೊಳ್ಳುತ್ತವೆ. ನಮ್ಮದು ನಾಲ್ಕು ತಿಂಗಳಿಗೇ ಅರ್ಧ ಮುಚ್ಚಿತ್ತು. ಎಂಡ್‌ಕ್ಯಾಪಿಗೆ ಗಮ್ ಹಾಕಿ ಅಂಟಿಸಿದ್ದು ತಪ್ಪಾಯಿತು, ಕೊಯ್ದು ತೆಗೆಯಬೇಕಾಯಿತು. ಮರೆ ಇರುವ ಕ್ಯಾಪು ಹಾಕಿ. ತಿರುಗಿಸಿ ತೆಗೆದು, ಒಳಗೆ ಕೋಲಿಗೆ ಗೋಣಿ ಸುತ್ತಿ ಉಜ್ಜಿ, ತೂತಿಗೆ ಮೊಳೆ ಆಡಿಸಿದರೆ ಅರ್ಧ ಗಂಟೆಯ ಕೆಲಸ.